ಐವತ್ತಮೂರನೆಯ ವಾರದ ಗುಡಾರ

ಗುಡಾರಕ್ಕೆ ಹಿಡಿದ ಸಾಮಾನು ಕಡಿಮೆಯೇನಲ್ಲ. ಅಡುಗೆಮನೆಯ ನಾಲ್ಕೂ ಕುರ್ಚಿ, ಇಸ್ತ್ರಿ ಹಲಗೆ, ಬಟ್ಟೆ ಒಣಹಾಕುವ ಮಡಚು ಸ್ಟ್ಯಾಂಡು, ಹಿಮದ ಮೇಲೆ ಜಾರುವ ಒಂದು ಜೊತೆ ಸ್ಕೀ, ಎರಡು ಹೊದಿಕೆ, ಚಿಂದಿಬಟ್ಟೆಯಿಂದ ನೇಯ್ದ ಉದ್ದನೆಯ ನೆಲಹಾಸು, ಕ್ರಿಸ್‌ಮಸ್ ಊಟದ ಕೆಂಪು ಮೇಜುಬಟ್ಟೆ, ಹೋಕನ್‌ನ ದಪ್ಪ ರಜಾಯಿ, ಮೂವತ್ತೊಂದು ಬಟ್ಟೆ ಕ್ಲಿಪ್ಪು. ಸೋಫಾವನ್ನು ಕೋಣೆಯ ಮಧ್ಯಕ್ಕೆ ಎಳೆದು, ಅದರ ಬೆನ್ನಿನಿಂದ ಕಿಟಕಿಯ ಕಟ್ಟೆಯವರೆಗೆ ಸ್ಕೀಗಳನ್ನು ತೊಲೆಯಂತೆ ಹಾಯಿಸಲಾಗಿತ್ತು.

ಕಟ್ಟಿದವಳು ಹೋಕನ್‌ನ ಮಗಳು ತೂವಾ, ಎಂಟು ವರ್ಷ. ಡಿಸೆಂಬರ್ ಇಪ್ಪತ್ತೈದರ ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನ ಕತ್ತಲಾಗುವ ಹೊತ್ತಿಗೆ, ಅಂದರೆ ಆ ಉತ್ತರದ ಚಳಿಗಾಲದಲ್ಲಿ ಮೂರು ಗಂಟೆಗೆ, ಮುಗಿಸಿದಳು. ಹೋಕನ್ ಕೊಟ್ಟದ್ದು ಒಂದೇ ಸಲಹೆ. ರಜಾಯಿಯ ಅಂಚು ಕಿಟಕಿಯ ಕಡೆ ಪದೇ ಪದೇ ಜಾರುತ್ತಿತ್ತು.

"ರೇಡಿಯೇಟರ್ ಮೇಲಿಂದ ತಂದು ಅದರ ಹಿಂದೆ ತುರುಕು," ಎಂದ. "ಆಮೇಲೆ ಯಾರು ಎಳೆದ್ರೂ ಬರಲ್ಲ."

ಕಿಟಕಿಯ ಕೆಳಗಿದ್ದ, ಕೋಣೆ ಬೆಚ್ಚಗಿಡುವ ಬಿಸಿನೀರಿನ ರೇಡಿಯೇಟರಿಗೂ ಗೋಡೆಗೂ ನಡುವೆ ಮೂರು ಬೆರಳಿನಷ್ಟು ಸಂದು. ರಜಾಯಿ ಅಲ್ಲಿ ಗಟ್ಟಿಯಾಗಿ ಕೂತಿತು.

ತೂವಾ ಗುಡಾರದ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು. ದೊಡ್ಡವರಿಗೆ ಪ್ರವೇಶವಿಲ್ಲ.

"ನಂಗೂ ಇಲ್ವಾ?"

"ನೀನು ದೊಡ್ಡವನಲ್ವಾ?"

"ಸಂಬಳ ಬರತ್ತೆ. ಅಷ್ಟೇ."

"ಅಷ್ಟು ಸಾಕು," ಎಂದು ಒಳಗೆ ಹೋದಳು.

ಆ ರಾತ್ರಿ ಅವಳು ಗುಡಾರದಲ್ಲೇ ಮಲಗಿ ಬೆಳಗಿನ ಏಳರವರೆಗೆ ಎದ್ದಿರಲಿಲ್ಲ. ಮರುದಿನವೂ ಹಾಗೆಯೇ, ಅದರ ಮರುದಿನವೂ. ಬೇರೆ ಯಾರಿಗೂ ಇದು ದೊಡ್ಡ ಸುದ್ದಿಯಲ್ಲ. ತೂವಾಳ ಅಮ್ಮನಿಂದ ಬೇರೆಯಾಗಿ ಹೋಕನ್ ಸೆಪ್ಟೆಂಬರಿನಲ್ಲಿ ಸುಂಡ್ಸ್‌ವಾಲ್ ಊರಿನ ಈ ಮೂರನೇ ಮಹಡಿಯ ಬಾಡಿಗೆ ಮನೆಗೆ ಬಂದಿದ್ದ. ಎರಡು ಕೋಣೆ, ಒಂದು ಅಡುಗೆಮನೆ. ಒಂದು ಕೋಣೆ ತೂವಾಳದು, ಬಿಳಿ ಮಂಚ ಹಾಕಿಸಿದ್ದ. ತಾನು ಇನ್ನೊಂದರಲ್ಲಿ, ಅಂದರೆ ಹಾಲ್‌ನಲ್ಲಿ, ಸೋಫಾ ಬಿಡಿಸಿ ಮಲಗುತ್ತಿದ್ದ. ಬಂದ ದಿನದಿಂದ ಮಗಳು ಒಂದು ರಾತ್ರಿಯೂ ಆ ಮಂಚದ ಮೇಲೆ ಪೂರ್ತಿ ನಿದ್ದೆ ಮಾಡಿರಲಿಲ್ಲ. ದಿಂಬು ಎಳೆದುಕೊಂಡು ಬಂದು, ಸೋಫಾದ ಅಂಚಿನಲ್ಲಿ, ಬಸ್ ನಿಲ್ದಾಣದಲ್ಲಿ ಕೂರುವವರಂತೆ ಕೂರುತ್ತಿದ್ದಳು. ಅಮ್ಮನ ಮನೆಯಲ್ಲಿ, ಅಂದರೆ ಅವಳು ಹುಟ್ಟಿ ಬೆಳೆದ ಮನೆಯಲ್ಲಿ, ಹೀಗೆ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಇಲ್ಲಿ ಹೀಗಾಗುತ್ತದೆ ಎಂದು ಅವನು ಅವಳ ಅಮ್ಮ ಉಲ್ರಿಕಾಳಿಗೆ ಹೇಳಿರಲಿಲ್ಲ.

ಡಿಸೆಂಬರ್ ಇಪ್ಪತ್ತೆಂಟು, ಸೋಮವಾರ, ಸಂಜೆ ಐದಕ್ಕೆ ತೂವಾ ಅಮ್ಮನ ಮನೆಗೆ ಹೊರಟಳು. ಬೂಟು ಹಾಕಿಕೊಳ್ಳುತ್ತಾ ತಲೆಯೆತ್ತದೆ ಹೇಳಿದಳು:

"ನಾನು ಬರೋವರೆಗೂ ಬಿಚ್ಚಬಾರದು."

"ಬಿಚ್ಚಲ್ಲ."

"ಒಳಗೆ ಇಣುಕಬಾರದು."

"ಇಣುಕಲ್ಲ. ಒಂದು ವಾರ ತಾನೇ."

ಅವಳು ಅವನನ್ನೊಮ್ಮೆ ನೋಡಿದಳು. "ಎಷ್ಟು ದಿನ ಆದ್ರೂ?"

"ಎಷ್ಟು ದಿನ ಆದ್ರೂ."

"ಭಾಷೆ ಕೊಡು."

ಕೊಟ್ಟ.

ಅವರ ಒಪ್ಪಂದ ಎರಡು ಸಾಲಿನದು, ಫ್ರಿಜ್ಜಿನ ಮೇಲೆ ಅಂಟಿತ್ತು. ಬೆಸ ವಾರ ಉಲ್ರಿಕಾ, ಸಮ ವಾರ ಹೋಕನ್. ಸೋಮವಾರ ಸಂಜೆ ಐದಕ್ಕೆ ಬದಲು. ಹಲ್ಲಿನ ಡಾಕ್ಟರು ಆರನೇ ವಾರ, ಕಾರಿನ ತಪಾಸಣೆ ಹನ್ನೊಂದನೇ ವಾರ ಎಂದು ಜನವರಿಯಿಂದ ಎಣಿಸಿದ ವಾರದ ಸಂಖ್ಯೆಯಲ್ಲೇ ಬದುಕುವ ಜನಕ್ಕೆ ಇದಕ್ಕಿಂತ ಸರಳವಾದ ಏರ್ಪಾಡು ಇರಲಿಲ್ಲ.

ಗುಡಾರದ ಜೊತೆ ಬದುಕುವುದು ಅಷ್ಟು ಸರಳವಾಗಿರಲಿಲ್ಲ. ಕುರ್ಚಿಗಳಿಲ್ಲದ ಅಡುಗೆಮನೆಯಲ್ಲಿ ಹೋಕನ್ ನಿಂತೇ ಉಂಡ. ಹಬ್ಬದಲ್ಲಿ ಉಳಿದ ಹಂದಿಮಾಂಸ, ಉಪ್ಪಿನಲ್ಲಿಟ್ಟ ಮೀನು, ಗಟ್ಟಿ ರೈ ರೊಟ್ಟಿ. ಇಸ್ತ್ರಿಯಿಲ್ಲದ ಅಂಗಿಯಲ್ಲಿ ಕೆಲಸಕ್ಕೆ ಹೋದ. ಒಗೆದ ಬಟ್ಟೆಯನ್ನು ಬಾಗಿಲುಗಳ ಮೇಲೆ ಹರವಿದ. ಸೋಫಾ ಗುಡಾರದ ಗೋಡೆಯಾಗಿದ್ದುದರಿಂದ ನೆಲದ ಮೇಲೆ ಕ್ಯಾಂಪಿಂಗ್ ಚಾಪೆ ಹಾಸಿಕೊಂಡ. ಮಗಳ ಮಂಚ ಖಾಲಿಯಿತ್ತು. ಅವಳೇ ಮಲಗದ ಮಂಚದ ಮೇಲೆ ತಾನು ಮಲಗುವುದು ಸರಿಯೆನಿಸಲಿಲ್ಲ. ಕೂರಲು ಜಾಗವಿಲ್ಲದ ಮನೆಯಲ್ಲಿ ಮನುಷ್ಯ ನಡೆಯುತ್ತಲೇ ಇರುತ್ತಾನೆ. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಕಿಟಕಿಗೆ, ಕಿಟಕಿಗೆ ಹೋಗಲು ದಾರಿಯಿಲ್ಲವೆಂದು ನೆನಪಾಗಿ ಮತ್ತೆ ಅಡುಗೆಮನೆಗೆ.

ಜೊತೆಗೆ ಚಳಿ. ಹೊಸ ವರ್ಷದ ದಿನ ಹೊರಗೆ ಸೊನ್ನೆಗಿಂತ ಹದಿನೆಂಟು ಕೆಳಗೆ, ಮೂರನೇ ತಾರೀಕು ಇಪ್ಪತ್ತಮೂರು ಕೆಳಗೆ. ಹೋಕನ್ ಥರ್ಮಾಮೀಟರ್ ಹಿಡಿದು ಮನೆಯೆಲ್ಲ ಅಳೆದ. ಅಡುಗೆಮನೆ ಇಪ್ಪತ್ತು, ತೂವಾಳ ಕೋಣೆ ಇಪ್ಪತ್ತೊಂದು, ಹಾಲ್‌ನಲ್ಲಿ ಹದಿನೇಳು. ಹಾಲಿನ ರೇಡಿಯೇಟರ್ ಕೆಟ್ಟಿದೆಯೆಂದು ಸ್ಪಷ್ಟವಾಯಿತು. ಮನೆ ಮಾಲೀಕ ಕಂಪನಿಗೆ ಆ ದಿನವೇ ದೂರು ಬರೆದ. ಅಷ್ಟರಲ್ಲಿ ತೂವಾ ಬಂದಿರುತ್ತಾಳೆ, ಗುಡಾರ ಇಳಿದಿರುತ್ತದೆ ಎಂಬ ಲೆಕ್ಕದಲ್ಲಿ ರಿಪೇರಿಗೆ ಯಾವ ದಿನವಾದರೂ ಆಗಬಹುದು ಎಂದೂ ಸೇರಿಸಿದ.

ಸೋಮವಾರ, ಜನವರಿ ನಾಲ್ಕು, ಐದಕ್ಕೆ ಎರಡು ನಿಮಿಷ ಇರುವಾಗ ಅವನು ಉಲ್ರಿಕಾಳ ಮನೆಯ ಗಂಟೆ ಒತ್ತಿದ. ಅವಳು ಕೈಯಲ್ಲಿ ಒಲೆಯ ಬಟ್ಟೆ ಹಿಡಿದೇ ಬಾಗಿಲು ತೆಗೆದಳು.

"ಏನು?"

"ಏನು ಅಂದ್ರೆ? ಸೋಮವಾರ. ಐದು ಗಂಟೆ."

"ಹೋಕನ್, ಇದು ಒಂದನೇ ವಾರ."

"ಹೌದು. ಹೋದ ವಾರ ಐವತ್ತ..."

"ಐವತ್ತಮೂರು," ಎಂದು ಅವಳೇ ಮುಗಿಸಿದಳು. "ಬೆಸ. ಈಗ ಒಂದು, ಅದೂ ಬೆಸ. ಎರಡೂ ನಂದು."

ವರ್ಷಕ್ಕೆ ಐವತ್ತೆರಡು ವಾರ. ಐದಾರು ವರ್ಷಕ್ಕೊಮ್ಮೆ ಮಾತ್ರ ಕ್ಯಾಲೆಂಡರಿನಲ್ಲಿ ಐವತ್ತಮೂರನೆಯದೊಂದು ಉಳಿಯುತ್ತದೆ, ಆಗ ಎರಡು ಬೆಸ ವಾರಗಳು ಒಂದರ ಹಿಂದೊಂದು ಬೀಳುತ್ತವೆ. ಹೋಕನ್ ಕೆಲಸ ಮಾಡುವುದು ಬಸ್ ಕಂಪನಿಯಲ್ಲಿ, ವೇಳಾಪಟ್ಟಿ ವಿಭಾಗದಲ್ಲಿ. ಈ ವರ್ಷ ಐವತ್ತಮೂರು ವಾರವಿದೆ, ಪಾಳಿಯನ್ನು ಬೆಸ–ಸಮ ನೋಡಿ ಹಾಕಿಕೊಳ್ಳಬೇಡಿ ಎಂದು ಅಕ್ಟೋಬರಿನಲ್ಲಿ ನೂರ ನಲವತ್ತು ಚಾಲಕರಿಗೆ ಸುತ್ತೋಲೆ ಕಳಿಸಿದವನು ಅವನೇ.

"ವೇಳಾಪಟ್ಟಿ ಮಾಡೋನು ನೀನು," ಎಂದಳು ಉಲ್ರಿಕಾ. "ನಿಂಗೆ ಗೊತ್ತಿರತ್ತೆ ಅಂದ್ಕೊಂಡೆ."

"ಬಸ್ಸಿಗೆ ಗೊತ್ತಿತ್ತು. ಮನೆಗೆ ಗೊತ್ತಿರ್ಲಿಲ್ಲ."

"ನಾಳೆ ಬೆಳಿಗ್ಗೆ ಒಸ್ಟರ್‌ಸುಂಡ್‌ಗೆ ಹೋಗ್ತಿದೀವಿ, ಅಕ್ಕನ ಮನೆಗೆ. ಭಾನುವಾರ ವಾಪಸ್. ರೈಲು ಬುಕ್ ಆಗಿದೆ."

ವಾದ ಮಾಡಲು ಅವನ ಬಳಿ ಸಾಕಷ್ಟು ಅಂಶಗಳಿದ್ದವು. ವಾರ ಬಿಟ್ಟು ವಾರ ಎಂಬುದೇ ಒಪ್ಪಂದದ ಉದ್ದೇಶ, ಸಂಖ್ಯೆ ಬರೀ ಗುರುತಿಗೆ. ಇನ್ನೇನು ಬಾಯಿ ತೆರೆಯಬೇಕು, ಉಲ್ರಿಕಾಳ ಬೆನ್ನ ಹಿಂದೆ ತೂವಾ ಕಾಣಿಸಿದಳು. ಒಂದು ಕಾಲಿಗೆ ಮಾತ್ರ ಕಾಲುಚೀಲ. ರಸ್ತೆ ದಾಟುವ ಮೊದಲು ಎಡಕ್ಕೂ ಬಲಕ್ಕೂ ನೋಡುವಂತೆ ಅಮ್ಮನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು.

ಹೋಕನ್ ವಾದವನ್ನು ಅಲ್ಲೇ ಬಿಟ್ಟ.

"ಗುಡಾರ ಇದೆಯಾ?" ಎಂದಳು ತೂವಾ.

"ಇದೆ."

"ಒಳಗೆ ನೋಡಿದ್ಯಾ?"

"ಇಲ್ಲ."

"ಸರಿ ಹಾಗಾದ್ರೆ. ಇನ್ನೊಂದು ವಾರ."

ಮನೆಗೆ ಬಂದರೆ ಬಾಗಿಲಿನ ಸಂದಿಯಲ್ಲಿ ಚೀಟಿ ಬಿದ್ದಿತ್ತು. ಗುರುವಾರ, ಏಳನೇ ತಾರೀಕು, ಎಂಟರಿಂದ ಹನ್ನೆರಡರ ಒಳಗೆ ರಿಪೇರಿ. ರೇಡಿಯೇಟರಿನ ಮುಂದೆ ಒಂದು ಮೀಟರ್ ಜಾಗ ಖಾಲಿಯಿರಬೇಕು. ಬಾಡಿಗೆದಾರರು ಇಲ್ಲದಿದ್ದರೆ ಸಿಬ್ಬಂದಿಯೇ ಕೀಲಿ ಬಳಸಿ ಒಳಬಂದು ಅಗತ್ಯವಿದ್ದರೆ ಸಾಮಾನು ಸರಿಸುವರು.

ಮಂಗಳವಾರ ಆಫೀಸಿನಲ್ಲಿ ಅವನು ಎರಡು ಸಲ ಕಂಪನಿಗೆ ಫೋನ್ ಮಾಡಿದ. ದಿನ ಮುಂದೂಡಬಹುದೇ? ಮುಂದೂಡಬಹುದು, ಆದರೆ ಈ ಚಳಿಯಲ್ಲಿ ಇನ್ನೂರು ಮನೆ ಸರದಿಯಲ್ಲಿವೆ, ಮತ್ತೆ ಸಿಗುವುದು ನಾಲ್ಕನೇ ವಾರ. ಹಾಲಿನಲ್ಲಿ ಆಗ ಹದಿನಾರು ಡಿಗ್ರಿ. ಸೋಮವಾರ ಬರುವ ಮಗಳು ಅಲ್ಲೇ ಮಲಗುವವಳು.

ಬುಧವಾರ ರಜೆ. ಬೇರೆ ಉಪಾಯ ತೋಚದೆ ಹೋಕನ್ ಗುಡಾರವನ್ನು ಬಿಚ್ಚಿ ಹಾಗೆಯೇ ಮತ್ತೆ ಕಟ್ಟುವ ಯೋಜನೆ ಹಾಕಿದ. ನಾಲ್ಕೂ ಕಡೆಯಿಂದ ಫೋಟೋ ತೆಗೆದ. ಕುರ್ಚಿ ಕಾಲುಗಳ ಸುತ್ತ ನೆಲದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದ. ಒಂದರಿಂದ ಮೂವತ್ತೊಂದರವರೆಗೆ ಸಂಖ್ಯೆ ಬರೆದ ಟೇಪು ಕತ್ತರಿಸಿ ಕ್ಲಿಪ್ಪಿಗೊಂದರಂತೆ ಅಂಟಿಸಿದ. ಮಧ್ಯಾಹ್ನ ಮೂರಕ್ಕೆ ಪರೀಕ್ಷೆಗೆಂದು ಏಳನೆಯ ಕ್ಲಿಪ್ಪು ತೆಗೆದು ಮತ್ತೆ ಸಿಕ್ಕಿಸಿದ. ಮೇಜುಬಟ್ಟೆ ಅರ್ಧ ಬೆರಳಿನಷ್ಟು ಕೆಳಗೆ ಜೋತುಬಿತ್ತು. ತೆಗೆದು ಮತ್ತೆ ಸಿಕ್ಕಿಸಿದ. ಈಗ ಇನ್ನೊಂದು ಕಡೆ ಸುಕ್ಕು. ನಾಲ್ಕನೇ ಸಲಕ್ಕೆ ಕೈಬಿಟ್ಟ. ಒಂದು ಕ್ಲಿಪ್ಪಿನ ಗತಿ ಇದಾದರೆ ಮೂವತ್ತೊಂದರದು ಏನೆಂದು ಲೆಕ್ಕ ಹಾಕುವ ಅಗತ್ಯವಿರಲಿಲ್ಲ. ಟೇಪುಗಳನ್ನೆಲ್ಲ ಕಿತ್ತು, ಟೋಪಿ ಹಾಕಿಕೊಂಡು, ಮತ್ತೆ ನಡೆಯತೊಡಗಿದ.

ಗುರುವಾರ ಒಂಬತ್ತೂಕಾಲಿಗೆ ರಿಪೇರಿಯವರು ಬಂದರು. ಗುನ್ನೆಲ್ ಎಂಬ ಗಟ್ಟಿಮುಟ್ಟಾದ ಹೆಂಗಸು, ಸೊಂಟದಲ್ಲಿ ಸಲಕರಣೆಯ ಚೀಲ. ಬೂಟಿಗೆ ನೀಲಿ ಪ್ಲಾಸ್ಟಿಕ್ ತೊಡಿಸಿಕೊಂಡು ಹಾಲಿಗೆ ಬಂದು ನಿಂತರು.

"ಒಂದು ಮೀಟರ್ ಜಾಗ ಬಿಡಿ ಅಂತ ಚೀಟಿ ಹಾಕಿದ್ವಲ್ಲ."

"ಹಾಕಿದ್ರಿ."

"ಇದೇನು?"

"ಗುಡಾರ."

"ಅದು ಕಾಣತ್ತೆ." ಅವರು ಕಿಟಕಿಯ ಬಳಿ ಕೈ ಚಾಚಿ ರಜಾಯಿಯ ಮೇಲೆ ಅಂಗೈ ಇಟ್ಟರು. ಇನ್ನೊಂದು ಕಡೆ ಇಟ್ಟರು. ಆಮೇಲೆ ಸದ್ದಿಲ್ಲದೆ, ಭುಜ ಮಾತ್ರ ಕುಲುಕುವಂತೆ ನಕ್ಕರು. "ಅಲ್ಲಯ್ಯಾ ಹೋಕನ್, ರೇಡಿಯೇಟರ್ ಎಲ್ಲಿದೆ?"

"ಇದರ ಹಿಂದೆ."

"ಹಿಂದೆ ಅಲ್ಲ, ಒಳಗೆ. ರಜಾಯಿ ಹೊದಿಸಿ ಮಲಗಿಸಿದೀಯ ಅದನ್ನ. ಅದರ ತುದೀಲಿ ಥರ್ಮೋಸ್ಟಾಟ್ ಇದೆ ನೋಡು, ಅದಕ್ಕೆ ಒಳಗೆ ಬೇಸಿಗೆ. ಸಾಕು ಬಿಸಿ ಅಂತ ನೀರು ನಿಲ್ಲಿಸಿಬಿಟ್ಟಿದೆ. ನೀನು ಹೊರಗೆ ನಿಂತು ನಡುಗ್ತಿದೀಯ."

ಹೋಕನ್ ಟೋಪಿ ತೆಗೆದ. ರಜಾಯಿಯನ್ನು ಅಲ್ಲಿ ತುರುಕಲು ಹೇಳಿದವರು ಯಾರೆಂದು ಅವನಿಗೆ ನೆನಪಿತ್ತು.

"ಇಪ್ಪತ್ತೆಂಟು ವರ್ಷದಿಂದ ಈ ಕೆಲಸ ಮಾಡ್ತಿದೀನಿ," ಎಂದರು ಗುನ್ನೆಲ್. "ಬೆಕ್ಕು ಕೂತಿದ್ದು ನೋಡಿದೀನಿ, ಬೀರು ಒತ್ತಿದ್ದು ನೋಡಿದೀನಿ. ತಾನೇ ಹೊದಿಸಿ ತಾನೇ ದೂರು ಕೊಟ್ಟೋನ್ನ ಇವತ್ತೇ ನೋಡಿದ್ದು. ತೆಗಿ, ಮಧ್ಯಾಹ್ನದೊಳಗೆ ಬೆಚ್ಚಗಾಗತ್ತೆ."

"ತೆಗೆಯೋಕೆ ಆಗಲ್ಲ."

"ಯಾಕೆ?"

ಹೇಳಿದ. ಮಗಳು, ಭಾಷೆ, ಐವತ್ತಮೂರನೇ ವಾರ. ಕೊನೆಗೆ ನಿದ್ದೆಯ ವಿಷಯವನ್ನೂ ಹೇಳಿದ. ಬೇರೆಯವರ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು.

"ಎಷ್ಟು ವಯಸ್ಸು?"

"ಎಂಟು."

"ನಿಂಗೆ?"

"ನಲವತ್ತೊಂದು."

"ಹ್ಮ್." ಗುನ್ನೆಲ್ ಗಡಿಯಾರ ನೋಡಿಕೊಂಡರು. "ನೋಡು, ರಜಾಯಿ ಅಂಚು ಎತ್ತಿ ಕಿಟಕಿ ಕಟ್ಟೆ ಮೇಲೆ ಇಟ್ರೆ ಅರ್ಧ ಕೆಲಸ ಆಯ್ತು. ಇನ್ನರ್ಧ ಆಗಲ್ಲ. ಎರಡು ವಾರ ಮುಚ್ಕೊಂಡಿದ್ದ ವಾಲ್ವ್, ಅದರ ಪಿನ್ ಕಚ್ಕೊಂಡಿರತ್ತೆ. ನಾನು ಒಳಗೆ ಹೋಗಿ ಬಿಡಿಸಬೇಕು. ದೊಡ್ಡವರಿಗೆ ಪ್ರವೇಶ ಇಲ್ಲ ಅಂತ ಬರೆದಿದೆ."

"ಬರೆದಿದೆ."

"ಮತ್ತೆ ಬರೆದವರನ್ನೇ ಕೇಳು."

ಉಲ್ರಿಕಾ ಫೋನ್ ಎತ್ತಿದಳು. ಯಾವ ಗುಡಾರ, ಯಾವ ಗುನ್ನೆಲ್ ಎಂದು ಕೇಳಿದಳು. ಆಮೇಲೆ ಹೇಳ್ತೀನಿ, ಮೊದಲು ತೂವಾಗೆ ಕೊಡು ಎಂದು ಹೋಕನ್ ಸ್ಪೀಕರ್ ಹಾಕಿದ. ತೂವಾ ಬಾಯಲ್ಲಿ ಏನೋ ಅಗಿಯುತ್ತಾ ಪೂರ್ತಿ ಕೇಳಿಸಿಕೊಂಡಳು.

"ಅವ್ರು ಎಷ್ಟು ದಪ್ಪ?"

"ಕೇಳಿಸ್ತಿದೆ ನಂಗೆ," ಎಂದರು ಗುನ್ನೆಲ್.

"ಎರಡು ಕುರ್ಚಿ ಮಧ್ಯೆ ನಲವತ್ತೆರಡು ಸೆಂಟಿಮೀಟರ್ ಅಷ್ಟೇ ಇರೋದು. ಅಳತೆ ಮಾಡಿದೀನಿ."

"ಉಸಿರು ಬಿಗಿ ಹಿಡ್ಕೊಂಡು ಹೋಗ್ತೀನಿ."

"ನೀವು ಅಜ್ಜಿನಾ?"

"ಇಬ್ರಿಗೆ."

"ಹಾಗಾದ್ರೆ ಹೋಗಬಹುದು. ಎಡಗಡೆ ಇರೋದನ್ನ ಮುಟ್ಟಬಾರದು. ಓದಿದ್ರೆ ಅಪ್ಪಂಗೆ ಹೇಳಬಾರದು."

"ಹೇಳಲ್ಲ."

"ಅಪ್ಪ?"

"ಹೂಂ."

"ನೀನು ಹೋಗೋ ಹಾಗಿಲ್ಲ."

"ಗೊತ್ತು."

ಗುನ್ನೆಲ್ ಸಲಕರಣೆಯ ಚೀಲ ಬಿಚ್ಚಿಟ್ಟು, ಇಕ್ಕಳ ಮತ್ತು ಟಾರ್ಚು ಮಾತ್ರ ಹಿಡಿದು ಮಂಡಿಯೂರಿ ಒಳಗೆ ತೂರಿದರು. ಇಸ್ತ್ರಿ ಹಲಗೆ ಒಮ್ಮೆ ಅಲುಗಿತು. ಹೋಕನ್ ಎರಡೂ ಕೈ ಚಾಚಿ ನಿಂತ, ಯಾವುದನ್ನೂ ಮುಟ್ಟದೆ. ಒಳಗಿನಿಂದ ರಜಾಯಿಯ ಅಂಚು ಮೇಲಕ್ಕೆ ಬಂತು. ಅವನು ಸೋಫಾದ ಪಕ್ಕದಿಂದ ಬಗ್ಗಿ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಎಳೆದು, ಹಳೆಯ ವೇಳಾಪಟ್ಟಿಯ ಎರಡು ದಪ್ಪ ಫೈಲುಗಳನ್ನು ಹೇರಿದ. ಕೆಳಗೆ ಲೋಹದ ಮೇಲೆ ಟಕ್ ಟಕ್ ಎಂದು ಬಡಿದ ಸದ್ದು. ಆಮೇಲೆ ಏನೂ ಇಲ್ಲ. ಆ ಮೌನ ಬೇಕಾದ್ದಕ್ಕಿಂತ ಉದ್ದವಾಯಿತು. ಕೊನೆಗೆ ಪೈಪಿನಲ್ಲಿ ನೀರು ಹರಿಯುವ ಸಣ್ಣ ಶಬ್ದ.

ಗುನ್ನೆಲ್ ಹಿಂದೆ ಹಿಂದಕ್ಕೆ ತೆವಳಿ ಹೊರಬಂದು, ಸೋಫಾ ಹಿಡಿದು ಎದ್ದರು.

"ಏನಿದೆ ಒಳಗೆ?" ಎಂದ ಹೋಕನ್.

"ರೇಡಿಯೇಟರ್."

"ಎಡಗಡೆ?"

"ಎಡಗಡೆ ನಾನು ನೋಡೇ ಇಲ್ಲ." ಅವರು ಚೀಲ ಕಟ್ಟಿಕೊಂಡರು. "ಥರ್ಮೋಸ್ಟಾಟಿನ ಗುಂಡಿ ಸೀಳಿದೆ, ತೆಗೆದುಬಿಟ್ಟೆ. ಗುಂಡಿ ಇಲ್ಲದಿದ್ರೆ ಪೂರ್ತಿ ತೆರೆದೇ ಇರತ್ತೆ, ಸ್ವಲ್ಪ ಜಾಸ್ತಿನೇ ಬಿಸಿಯಾದೀತು. ಹೊಸದು ಹಾಕೋಕೆ ಮುಂದಿನ ಗುರುವಾರ ಬರ್ತೀನಿ, ಹದಿನಾಲ್ಕಕ್ಕೆ. ಆಗ ಮಾತ್ರ ಒಂದು ಮೀಟರ್ ಬೇಕೇ ಬೇಕು. ಇನ್ನೊಂದ್ಸಲ ನನ್ನ ಮಂಡಿ ಕೇಳಲ್ಲ." ಬಾಗಿಲಲ್ಲಿ ಬೂಟಿನ ಪ್ಲಾಸ್ಟಿಕ್ ಕಳಚುತ್ತಾ ಕೇಳಿದರು: "ನಿನ್ನ ಮಗಳು ಕ್ಯಾಲೆಂಡರ್ ಚೆನ್ನಾಗಿ ನೋಡ್ತಾಳಾ?"

"ಯಾಕೆ?"

"ಸುಮ್ನೆ ಕೇಳ್ದೆ."

ಹಾಲ್‌ನಲ್ಲಿ ಸಂಜೆಗೆ ಹದಿನೆಂಟು ಡಿಗ್ರಿಯಾಯಿತು, ಶುಕ್ರವಾರ ಇಪ್ಪತ್ತು. ಬೆಚ್ಚಗಾದರೂ ಹೋಕನ್ ಕೂರಲಿಲ್ಲ. ಈಗ ಗುಡಾರದ ಎಡಗಡೆ ಎಂಬುದೊಂದು ಹೊಸದಾಗಿ ಸೇರಿಕೊಂಡಿತ್ತು. ಹಲ್ಲುಜ್ಜುತ್ತಾ ಅಲ್ಲಿ ಬಂದು ನಿಲ್ಲುತ್ತಿದ್ದ. ಮೇಜುಬಟ್ಟೆಯ ಸುಕ್ಕಿನಲ್ಲಿ ಒಂದು ಸಂದು ಇತ್ತು, ಬಗ್ಗಿದರೆ ಕಾಣುವಷ್ಟು. ಶನಿವಾರ ಆ ಸಂದಿಗೆ ಬೆನ್ನು ಮಾಡಿ ಕೋಣೆಯ ಇನ್ನೊಂದು ಮೂಲೆಗೆ ಚಾಪೆ ಬದಲಿಸಿದ.

ಸೋಮವಾರ ಹನ್ನೊಂದನೇ ತಾರೀಕು. ತೂವಾ ಬೂಟು ಕಳಚಿ, ಟೋಪಿ ಕಳಚದೆ, ನೇರ ಹಾಲಿಗೆ ಹೋದಳು. ಗುಡಾರದ ಸುತ್ತ ಒಂದು ಸುತ್ತು ಹಾಕಿದಳು. ಕಿಟಕಿಯ ಕಟ್ಟೆಯ ಮೇಲಿನ ಫೈಲುಗಳನ್ನು ನೋಡಿ ತಲೆಯಾಡಿಸಿದಳು. ಬಾಗಿಲ ಬಳಿ ಬಂದು ನಿಂತಳು.

"ಈ ಕ್ಲಿಪ್ಪು ಇಲ್ಲಿರಲಿಲ್ಲ."

ಹೋಕನ್ ತೆಗೆದ ಫೋಟೋದ ಪ್ರಕಾರ ಅದು ಅಲ್ಲೇ ಇತ್ತು. ಫೋಟೋದ ಮಾತು ಅವನು ಎತ್ತಲಿಲ್ಲ. "ನಾನು ತೆಗೆದೆ. ಮತ್ತೆ ಹಾಕ್ದೆ. ನಾಲ್ಕು ಸಲ."

"ಯಾವಾಗ?"

"ಬುಧವಾರ. ಮಧ್ಯಾಹ್ನ ಮೂರಕ್ಕೆ."

"ಒಳಗೆ?"

"ಇಲ್ಲ."

ಅವಳು ಒಳಗೆ ಹೋದಳು. ಏನನ್ನೋ ಸರಿಸಿದ ಸದ್ದು. ಸ್ವಲ್ಪ ಹೊತ್ತಿನ ಮೇಲೆ ಕೈ ಮಾತ್ರ ಹೊರಬಂದು ಬಾಗಿಲ ಚೀಟಿಯನ್ನು ಕಿತ್ತುಕೊಂಡಿತು.

"ಬಾ."

ನಲವತ್ತೆರಡು ಸೆಂಟಿಮೀಟರಿನಲ್ಲಿ ಅವನ ಭುಜ ಓರೆಯಾಗಿ ಹಿಡಿಸಿತು. ಕಾಲು ಹೊರಗೇ ಉಳಿಯಿತು. ಒಳಗೆ ಸೆಕೆ. ದಿಂಬು, ಟಾರ್ಚು, ಶುಂಠಿ ಬಿಸ್ಕತ್ತಿನ ಡಬ್ಬಿ. ಎಡಗಡೆ ಇಸ್ತ್ರಿ ಹಲಗೆಯ ಕಾಲಿಗೆ ಶಾಲೆಯ ಡೈರಿಯಿಂದ ಹರಿದ ಹಾಳೆಯೊಂದನ್ನು ಕಟ್ಟಲಾಗಿತ್ತು. ಹದಿನಾಲ್ಕು ಚೌಕ. ಐವತ್ತಮೂರನೇ ವಾರಕ್ಕೂ ಒಂದನೇ ವಾರಕ್ಕೂ ಅಮ್ಮನ ಬಣ್ಣ, ಹಸಿರು. ಕೆಳಗೆ ಅವಳ ಅಕ್ಷರದಲ್ಲಿ ಎರಡು ಸಾಲು: ಅಪ್ಪನ ಲೆಕ್ಕ ಒಂದು ವಾರ. ನಿಜವಾದ್ದು ಎರಡು.

ಅವನು ಅದನ್ನು ಎರಡು ಸಲ ಓದಿದ.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಡೈರೀಲಿ ಇತ್ತಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವಿಬ್ರೂ ಫೋನಲ್ಲಿ ಮಾತಾಡ್ತಿದ್ರಿ." ಅವಳು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದಳು, ಮುಚ್ಚಿದಳು. "ಆಮೇಲೆ, ಎರಡು ವಾರ ಆದ್ರೂ ಇರತ್ತಾ ಅಂತ ನೋಡ್ಬೇಕಿತ್ತು."

ಫೋನಿನ ಆ ಮಾತುಗಳು ಎಂಥವೆಂದು ಹೋಕನ್‌ಗೆ ಗೊತ್ತಿತ್ತು. ಬಾಗಿಲು ಹಾಕಿಕೊಂಡು ಆಡಿದವು. ಬಾಗಿಲು ಸಾಕಷ್ಟು ದಪ್ಪವಿದೆ ಎಂದುಕೊಂಡಿದ್ದ.

"ಇತ್ತು," ಎಂದ.

"ಹೂಂ. ಒಂದು ಕ್ಲಿಪ್ಪು ಬಿಟ್ಟು."

ಅವರು ಒಂದೊಂದು ಬಿಸ್ಕತ್ತು ತಿಂದರು. ಹೊಸ ಗುಂಡಿ ಹಾಕಲು ಗುನ್ನೆಲ್ ಗುರುವಾರ ಬರುವುದನ್ನೂ, ಒಂದು ಮೀಟರ್ ಜಾಗದ, ಅವರ ಮಂಡಿಯ ವಿಷಯವನ್ನೂ ಅವನು ಹೇಳಿದ. ಬೇಕಿದ್ದರೆ ಮತ್ತೆ ಕೇಳಿಕೊಳ್ಳೋಣ, ಇನ್ನೊಂದು ದಿನ ಬರಲಿ ಎಂದೂ ಸೇರಿಸಿದ. ತೂವಾ ಮಂಡಿಗೆ ಗದ್ದವೂರಿ ಲೆಕ್ಕ ಹಾಕಿದಳು.

"ಬೇಡ. ಅವರ ಮಂಡಿ ನೋವಂತೆ. ಬುಧವಾರದವರೆಗೆ ಇರಲಿ. ಆಮೇಲೆ ನಾನು ಆ ಕೋಣೇಲಿ ಮಲಗ್ತೀನಿ." ಅವಳು ಬಿಳಿ ಮಂಚದ ಕೋಣೆಯ ಕಡೆ ಬೆರಳು ತೋರಿಸಿದಳು. "ಅಲ್ಲಿ ಬೆಚ್ಚಗಿದೆಯಾ?"

"ಇದೆ. ಇಪ್ಪತ್ತೊಂದು ಡಿಗ್ರಿ."

"ಯಾವತ್ತು ನೋಡಿದ್ದು?"

"ಮೂರನೇ ತಾರೀಕು."

"ಇವತ್ತಿಂದು ಹೇಳು."

ಅವನು ತೆವಳಿ ಹೊರಬಂದು, ಥರ್ಮಾಮೀಟರ್ ತೆಗೆದುಕೊಂಡು ಅವಳ ಕೋಣೆಗೆ ಹೋದ. ದಿಂಬಿನ ಪಕ್ಕ ಅದನ್ನಿಟ್ಟು ಮಂಚದ ಅಂಚಿನಲ್ಲಿ ಕೂತ. ಎರಡು ವಾರದಲ್ಲಿ ಮನೆಯೊಳಗೆ ಅವನು ಕೂತದ್ದು ಅದೇ ಮೊದಲು. ಪಾದರಸ ನಿಲ್ಲುವವರೆಗೆ ಕಾದ.

"ಎಷ್ಟು?" ಎಂದು ಹಾಲಿನಿಂದ ಕೂಗಿದಳು.

"ಇಪ್ಪತ್ತು," ಎಂದ. "ಇಪ್ಪತ್ತೊಂದಲ್ಲ, ಇಪ್ಪತ್ತು."

"ಸಾಕು," ಎಂದಿತು ಗುಡಾರ.